ಹಂಗೇ ಮಾಡು ಮಗಾ

"ಬಾಯಿಗೆ ನೀರು ಬಿಡಮ್ಮ," ಎಂದು ಯಾರೋ ಬೆನ್ನು ಮುಟ್ಟಿದರು.

ತುಳಸಿ ನೀರನ್ನು ಅಪ್ಪನ ತುಟಿಯವರೆಗೆ ಒಯ್ದಿದ್ದ ಪೂರ್ಣಿಮಾಳ ಕೈ ಅಲ್ಲೇ ನಿಂತಿತು. ಆಸ್ಪತ್ರೆಯವರು ತಲೆಗೆ ಸುತ್ತಿದ ಬಿಳಿಬಟ್ಟೆ ಹುಬ್ಬು, ಕಿವಿಗಳನ್ನೆಲ್ಲ ಮುಚ್ಚಿತ್ತು. ನಿನ್ನೆ ಬೆಳಿಗ್ಗೆ ಹಾಲು ತರಲೆಂದು ನರಸಿಂಹರಾಜಪುರದ ಪೇಟೆಗೆ ಹೋದ ಅಪ್ಪ ಮಂಜಯ್ಯ ಲಾರಿಗೆ ಸಿಕ್ಕಿದ್ದರು. ಸುದ್ದಿ ತಿಳಿದು ಶೃಂಗೇರಿಯಿಂದ ಗಂಡನ ಜೊತೆ ಬಂದವಳಿಗೆ ಇನ್ನೂ ಅಳು ಬಂದಿರಲಿಲ್ಲ. ಅಪ್ಪನ ಮೇಲಿದ್ದ ಸಿಟ್ಟು ಕೂಡ ಹೋಗಿರಲಿಲ್ಲ.

"ಎಂತ ಯೋಚನೆ ಮಾಡ್ತೀಯ? ಬೇಗ ಬಿಡು," ಹಿಂದಿನಿಂದ ಗಂಡ ಧರ್ಮೇಶ ಪಿಸುಗುಟ್ಟಿದ. "ಸಂಜೆ ಬಸ್ಸಿಗೆ ಹೊರಡ್ಬೇಕು. ಕಾರ್ಯದ ದಿನ ಮತ್ತೆ ಬಂದರಾಯ್ತು."

ಅವಳು ನೀರು ಬಿಟ್ಟಳು. ಅದು ಒಳಗೆ ಹೋಗದೆ ಕೆನ್ನೆಯ ಮೇಲಿಂದ ಇಳಿಯಿತು.

*

ಹೋದ ವಾರ ಶೃಂಗೇರಿ ಬಸ್‌ಸ್ಟ್ಯಾಂಡಿನ ಕಾಯಿನ್ ಫೋನಿಂದ ಅವಳು ಮನೆಗೆ ಮಾತಾಡಿದ್ದಳು. ಎತ್ತಿದ್ದು ಅಮ್ಮ.

"ಅಪ್ಪಂಗೆ ಕೊಡು."

ಅಮ್ಮನಿಗೆ ಹೇಳಿದರೆ ಹೊಂದ್ಕೊಂಡು ಹೋಗು ಅನ್ನುತ್ತಾಳೆ ಎಂದು ಅವಳು ತಿಳಿದಿದ್ದಳು. ಅಪ್ಪ ಹಾಗಲ್ಲ. ಚಿಕ್ಕವಳಿದ್ದಾಗ ಮೇಷ್ಟ್ರು ಹೊಡೆದರೆಂದು ಅತ್ತುಕೊಂಡು ಬಂದಿದ್ದಕ್ಕೆ, ಅಕ್ಕಿ ಗಿರಣಿಯ ತೌಡು ಮೈತುಂಬ ಇದ್ದ ಹಾಗೇ ಶಾಲೆಗೆ ನಡೆದಿದ್ದವರು.

"ಅಪ್ಪಾ, ಇವರು ಬೆಲ್ಟ್ ತಗೊಂಡು ಹೊಡಿತಾರೆ. ನೀವು ಗಾಯ ನೋಡ್ತೀರಿ ಅಂತಾನೇ ದೀಪಾವಳಿಯಿಂದ ಈಚೆಗೆ ಊರಿಗೆ ಕಳಿಸ್ಲಿಲ್ಲ. ನಾನು ಮನೆಗೆ ಬಂದುಬಿಡ್ಲಾ? ಇಲ್ಲಾ, ಸಹಿಸ್ಕೊಂಡು ಇಲ್ಲೇ ಇರ್ಲಾ?"

ಆ ಕಡೆಯಿಂದ ಉಸಿರಾಟ ಮಾತ್ರ ಕೇಳುತ್ತಿತ್ತು. ಅವಳು ಕಾದಳು.

"ಹೂಂ. ಊಟ ಆಯ್ತಾ? ಒಳ್ಳೇದು, ಒಳ್ಳೇದು. ಹಂಗೇ ಮಾಡು ಮಗಾ," ಎಂದರು ಅಪ್ಪ. ಧ್ವನಿಯಲ್ಲಿ ನಗುವಿತ್ತು.

ಅವಳು ಫೋನಿಟ್ಟಳು. ಮತ್ತೆ ಮಾಡಲಿಲ್ಲ.

*

ಅಂಗಳದಲ್ಲಿ ಚಟ್ಟ ಕಟ್ಟುತ್ತಿದ್ದರು.

"ಲಾರಿಯವನು ಒಂದೇ ಸಮ ಹಾರ್ನ್ ಹೊಡ್ದಿದಾನೆ ಮಾರಾಯ," ಪಕ್ಕದ ಮನೆಯ ರೇಣುಕಪ್ಪ ಹೇಳುತ್ತಿದ್ದ. "ಮಂಜಣ್ಣ ತಿರುಗಿ ಸಹ ನೋಡ್ಲಿಲ್ಲಂತೆ."

"ಕೇಳಿದ್ರೆ ತಾನೇ ತಿರುಗೋದು?" ಎಂದರು ಅಬ್ದುಲ್ ವಹಾಬ್. ಗಿರಣಿಯಲ್ಲಿ ಮಂಜಯ್ಯನ ಜೊತೆಗೇ ದುಡಿದು ಮುದುಕರಾದವರು. "ಸಂಕ್ರಾಂತಿ ಹೊತ್ತಿಗೇ ಎರಡೂ ಕಿವಿ ಪೂರ್ತಿ ಹೋಗಿತ್ತಲ್ಲ. ಭುಜ ಮುಟ್ಟಿ ಕರೀಬೇಕಿತ್ತು."

ಪೂರ್ಣಿಮಾ ಬಾಗಿಲಿಗೆ ಬಂದಳು. "ಎಂತ ಹೇಳ್ತಿದೀರಿ ವಹಾಬಣ್ಣ? ಹೋದ ವಾರ ಅಪ್ಪ ನನ್ನ ಹತ್ರ ಫೋನಲ್ಲಿ ಮಾತಾಡಿದಾರೆ!"

ವಹಾಬ್, ಗೋಡೆಗೊರಗಿ ಕೂತಿದ್ದ ಅವಳ ಅಮ್ಮ ವನಜಮ್ಮನ ಕಡೆ ನೋಡಿದರು.

"ಅವರಿಗೆ ಕೇಳ್ತಿರ್ಲಿಲ್ಲ ಕಣೇ," ವನಜಮ್ಮ ತಲೆ ಎತ್ತಲಿಲ್ಲ. "ಅವಳಿಗೆ ಮಾತ್ರ ಹೇಳ್ಬೇಡ, ಕಿವುಡನ ಹತ್ರ ಎಂತ ಮಾತು ಅಂತ ಫೋನ್ ಮಾಡೋದೇ ಬಿಟ್ರೆ ಅಂತ ನನ್ನ ಬಾಯಿ ಕಟ್ಟಿದ್ರು. ನೀನು ಮಾತಾಡಿದ್ರೆ ಒಳಗೆಲ್ಲೋ ಗುಂಯ್ ಅನ್ನುತ್ತಂತೆ. ನನಗೆ ಅಷ್ಟೇ ಸಾಕು ಅನ್ನೋರು. ಎಂತ ಹೇಳಿದ್ಲು ಅಂತ ನಾನು ಕೈಸನ್ನೆ ಮಾಡಿದ್ರೆ, ಚೆನ್ನಾಗಿದಾಳಂತೆ ಅಂತಿದ್ರು."

ಪೂರ್ಣಿಮಾ ಒಳಗೆ ತಿರುಗಿದಳು. ತೆವಳುವ ಹಾಗೆ ಅಪ್ಪನ ತಲೆಯ ಬಳಿ ಹೋಗಿ, ಬಿಳಿಬಟ್ಟೆಯನ್ನು ಬೆರಳಿನಿಂದ ಮೇಲೆ ಸರಿಸಿದಳು. ಕಿವಿಯೊಳಗೆ ಹತ್ತಿ ತುರುಕಿದ್ದರು.

"ಅಪ್ಪಾ," ಎಂದಳು. ಮತ್ತೆ, ಜೋರಾಗಿ, "ಅಪ್ಪಾ!"

ಅಂಗಳದಲ್ಲಿ ಹಗ್ಗ ಬಿಗಿಯುತ್ತಿದ್ದವರ ಕೈಗಳು ನಿಂತವು. ಆಗ ಬಂದ ಅಳುವನ್ನು ತಡೆಯಲು ಯಾರಿಂದಲೂ ಆಗಲಿಲ್ಲ.

*

ಗಂಡಸರು ಸುಡುಗಾಡಿನಿಂದ ಮರಳುವ ಹೊತ್ತಿಗೆ ಉಳಿದ ಹೆಂಗಸರೆಲ್ಲ ಮಿಂದಾಗಿತ್ತು. ಕೊನೆಗೆ ಅಮ್ಮ ಮಗಳನ್ನು ಬಚ್ಚಲಿಗೆ ಕರೆದುಕೊಂಡು ಹೋದಳು.

"ಆವತ್ತು ಅಪ್ಪನ ಹತ್ರ ಎಂತ ಹೇಳಿದ್ದೆ?"

ಪೂರ್ಣಿಮಾ ಸೆರಗು ಇಳಿಸಿ, ರವಿಕೆ ಕಳಚಿ, ಗೋಡೆಯ ಕಡೆ ತಿರುಗಿ ಕೂತಳು.

ಅಮ್ಮನ ಬೆರಳು ಬೆನ್ನಿನ ಮೇಲೆ ಒಂದು ಬಾಸುಂಡೆಯಿಂದ ಇನ್ನೊಂದಕ್ಕೆ ಹೋಯಿತು.

"ಪೂರ್ಣಿಮಾ! ಬಸ್ಸಿಗೆ ಹೊತ್ತಾಯ್ತು," ಹೊರಗೆ ಧರ್ಮೇಶನ ದನಿ. "ಎಷ್ಟು ಹೊತ್ತು ಮೀಯೋದು?"

ವನಜಮ್ಮ ಎದ್ದು ಬಚ್ಚಲ ಬಾಗಿಲಿಗೆ ಚಿಲಕ ಹಾಕಿದಳು.

"ಅವಳು ಬರೋದಿಲ್ಲ. ನೀವು ಹೊರಡಿ."

"ಬರೋದಿಲ್ಲ ಅಂದ್ರೆ? ಕಾರ್ಯ ಮುಗಿಸ್ಕೊಂಡು ಬರ್ತಾಳಾ?"

"ಬರೋದಿಲ್ಲ ಅಂದೆ."

ಆತ ಬಾಗಿಲು ಬಡಿದ. ಅಂಗಳದಿಂದ ವಹಾಬರ ದನಿ ಕೇಳಿತು. "ಬಾಗಿಲು ಬಿಟ್ಟು ಈಚೆ ಬನ್ನಿ ಧರ್ಮೇಶ್." ಬಡಿತ ನಿಂತಿತು.

ವನಜಮ್ಮ ಹಂಡೆಯಿಂದ ತಂಬಿಗೆಯಲ್ಲಿ ನೀರು ತೋಡಿ, ತಣ್ಣೀರು ಬೆರೆಸಿ, ಬೆರಳದ್ದಿ ನೋಡಿದಳು. ಬಾಸುಂಡೆಗಳ ಮೇಲೆ ನೇರವಾಗಿ ಬೀಳದಂತೆ ತನ್ನ ಅಂಗೈಯನ್ನು ಅಡ್ಡ ಹಿಡಿದು, ಮಗಳ ಬೆನ್ನಿಗೆ ಸ್ವಲ್ಪ ಸ್ವಲ್ಪವೇ ಹೊಯ್ಯತೊಡಗಿದಳು.