ದಣಿಯ ಗಡಿಕಲ್ಲು

2023ರ ಫೆಬ್ರವರಿ 12, ಭಾನುವಾರ, ಬೆಳಗ್ಗೆ 7 ಗಂಟೆ 40 ನಿಮಿಷ. ಪುಟಾಣಿಯ ಬಾಲದ ತುದಿ ಮತ್ತೆ ಕಾಣೆಯಾಗಿತ್ತು.

ಸರ್ವೇಯರ್ ಗಾಜಿಗೆ ಮೂಗು ತಾಗಿಸಿ ನೋಡಿದ. ಹಜಾರದ ಗೋಡೆಗೆ ಒತ್ತಿ ನಿಂತ ಆರಡಿ ಉದ್ದದ ತೊಟ್ಟಿಯಲ್ಲಿ ಐದು ಆಸ್ಕರ್ ಮೀನುಗಳಿದ್ದವು. ಸಿಕ್ಲಿಡ್ ಕುಲದ, ಸಾಕಿದವರ ಗುರುತು ಹಿಡಿಯುವ ದಢೂತಿ ಮೀನುಗಳು. ಅದರಲ್ಲಿ ಮೂರು ಯಾರ ತಂಟೆಗೂ ಹೋಗುತ್ತಿರಲಿಲ್ಲ. ಎಲ್ಲಕ್ಕಿಂತ ಚಿಕ್ಕದಾದ ಪುಟಾಣಿ ಹೀಟರಿನ ಹಿಂದೆ ಮುದುಡಿ ನಿಂತಿತ್ತು. ಉಳಿದದ್ದು ದಣಿ. ಮೂವತ್ತೊಂದು ಸೆಂಟಿಮೀಟರ್ ಉದ್ದ, ಮೈಮೇಲೆ ಕೆಂಡದ ಗೆರೆಗಳು, ಮುಖದ ಮೇಲೆ ಅರ್ಜಿ ತಿರಸ್ಕರಿಸಲೆಂದೇ ಕೂತ ಅಧಿಕಾರಿಯ ಗತ್ತು.

ನರ್ಸ್ ಕೆಲಸದಲ್ಲಿದ್ದ ಹೆಂಡತಿ ಟಾರ್ಚ್ ಬಿಟ್ಟು ಗಾಯ ನೋಡಿದಳು.

"ಇದು ಮೂರನೇ ಸಲ ಕಣ್ರೀ. ಹೀಗೇ ಆದ್ರೆ ಪುಟಾಣಿ ಉಳಿಯಲ್ಲ. ದಣೀನ ಮೀನಂಗಡಿಯವನಿಗೆ ವಾಪಸ್ ಕೊಟ್ಬಿಡಿ."

"ಉಗುರಿನಷ್ಟಿದ್ದಾಗಿಂದ ಸಾಕಿದೀನಿ ಕಣೇ. ನನ್ನ ಕೈಯಿಂದಾನೇ ತಿನ್ನುತ್ತೆ."

"ಪುಟಾಣಿ ಬಾಲಾನೂ ತಿನ್ನುತ್ತೆ."

ಅವನು ಫೋನ್ ಎತ್ತಿಕೊಂಡ. ಮುಂದಿನ ಭಾನುವಾರ ಹನ್ನೊಂದಕ್ಕೆ ಬಕೆಟ್ ತೆಗೆದುಕೊಂಡು ಬರುವುದಾಗಿ ಅಂಗಡಿಯವನು ಫೋನಿನಲ್ಲಿ ಒಪ್ಪಿದ.

ಆ ವಾರವೆಲ್ಲ ಸರ್ವೇಯರ್ ದಣಿಯ ಮನಸ್ಸು ತಿರುಗಿಸಲು ಹೆಣಗಿದ. ಊಟ ಹೆಚ್ಚಿಸಿದ, ದಣಿ ತಿಂದು ತೇಗಿ, ಇನ್ನಷ್ಟು ಹುರುಪಿನಿಂದ ಅಟ್ಟಾಡಿಸಿತು. ಪುಟಾಣಿ ಅಡಗಿಕೊಳ್ಳಲೆಂದು ಅಗಲವಾದ ಪೈಪಿನ ತುಂಡೊಂದನ್ನು ಇಳಿಬಿಟ್ಟ. ಸಂಜೆಯೊಳಗೆ ಅದರಲ್ಲೂ ದಣಿಯೇ ಬಿಡಾರ ಹೂಡಿತು.

ತೊಟ್ಟಿಯ ಆರೈಕೆಯಲ್ಲಿ ಅವನದು ಕಟ್ಟುನಿಟ್ಟು. ಶನಿವಾರ ಬಂತೆಂದರೆ ಮೂರನೇ ಒಂದು ಭಾಗ ನೀರು ಬದಲಿಸಿ, ಏಳೂ ಕಲ್ಲುಗಳನ್ನು ಹೊರಗೆ ತೆಗೆದು, ಅಡಿಯ ಕೊಳೆ ಹೀರಿ, ಮತ್ತೆ ಇಟ್ಟಲ್ಲೇ ಇಡುತ್ತಿದ್ದ. ಅದಕ್ಕೆಂದೇ ತೊಟ್ಟಿಯ ಪಕ್ಕದ ಗಾಜಿಗೆ ಅಂಟಿಸಿದ ಗ್ರಾಫ್ ಹಾಳೆಯ ಮೇಲೊಂದು ನಕ್ಷೆ: ಪ್ರತಿ ಕಲ್ಲಿಗೂ ನಂಬರು, ಎರಡು ಗಾಜುಗಳಿಂದ ಅದರ ದೂರ. ಜನರ ಜಮೀನಿನ ಗಡಿ ಒಂದು ಗೇಣೂ ಅತ್ತಿತ್ತ ಸರಿಯಲು ಬಿಡದ ಮನುಷ್ಯ, ಮೀನುಗಳಿಗೆ ಮೋಸ ಮಾಡುತ್ತಾನೆಯೇ?

ಆದರೆ 18ನೇ ತಾರೀಖಿನ ಶನಿವಾರ ಒಂದು ಅಳತೆಗೆ ಹೋಗಲೇಬೇಕಾಯಿತು. ಎರಡು ಬೀದಿ ಆಚೆ ಹೊಲಿಗೆ ಅಂಗಡಿ ಇಟ್ಟಿದ್ದ ಅತ್ತೆಯನ್ನು ಕರೆದು ತೊಟ್ಟಿ ಒಪ್ಪಿಸಿದ.

"ಫಿಲ್ಟರ್ ಮುಟ್ಟಬೇಡಿ ಅತ್ತೆ. ಕಲ್ಲು ಮಾತ್ರ ನಕ್ಷೆ ಪ್ರಕಾರಾನೇ ಇಡಿ."

"ನಲವತ್ತು ವರ್ಷದಿಂದ ಟೇಪ್ ಕತ್ತಿಗೆ ಹಾಕ್ಕೊಂಡಿದೀನಿ. ಅಳತೆ ನನಗೆ ಹೇಳಿಕೊಡ್ತೀರಾ ಅಳಿಯಂದ್ರೇ? ಹೋಗಿ ಹೋಗಿ."

ಸಂಜೆ ಐದೂವರೆಗೆ ಮರಳಿದವನು ಶೂ ಬಿಚ್ಚುವುದನ್ನೂ ಮರೆತು ನಿಂತ. ಎಡಮೂಲೆಯ ಕಲ್ಲುಗಳು ಬಲಕ್ಕೆ, ಉದ್ದದ್ದು ಅಡ್ಡ, ಅಡ್ಡದ್ದು ಉದ್ದ.

"ಅತ್ತೆ, ನಕ್ಷೆ ನೋಡ್ಲಿಲ್ವಾ?"

"ನೋಡಿದೆನಪ್ಪಾ. ಕಾಲು ಒಂದು ಗಿಡ್ಡ, ಒಂದು ಉದ್ದ ಆದ ಪ್ಯಾಂಟಿನ ಹಾಗಿತ್ತು. ಸರಿ ಮಾಡಿದೆ."

ಅವನು ಅಂಗಿಯ ತೋಳು ಮಡಚಿ ನೀರಿಗೆ ಕೈಹಾಕಿದ. ಮೊದಲು ಮೂರನೇ ನಂಬರಿನ ಚಪ್ಪಟೆ ಕರಿಗಲ್ಲು. ದಣಿ ಸದಾ ಅದರ ಪಕ್ಕದಲ್ಲೇ ನಿಲ್ಲುತ್ತಿತ್ತು. ಎಡಗಾಜಿನಿಂದ 42 ಸೆಂಟಿಮೀಟರ್, ಮುಂದಿನ ಗಾಜಿನಿಂದ 18. ಅಷ್ಟು ಹೊತ್ತೂ ವಿಳಾಸ ಕಳೆದುಕೊಂಡವನಂತೆ ಸುತ್ತುತ್ತಿದ್ದ ದಣಿ ಕಲ್ಲಿನ ಬಳಿ ಬಂದು ನಿಂತಿತು. ಕಿವಿರು ಅರಳಿಸಿತು. ಮರುಗಳಿಗೆ ಬಾಣದಂತೆ ಪುಟಾಣಿಯ ಮೇಲೆ ಎರಗಿತು.

"ರೀ, ತೆಗೀರಿ ಅದನ್ನ!" ಹೆಂಡತಿ ಬಲೆಯನ್ನು ನಡುವೆ ಅಡ್ಡ ಹಿಡಿದಳು.

ಅವನು ಕಲ್ಲು ಎತ್ತಿದ. ದಣಿ ಅರ್ಧದಾರಿಯಲ್ಲೇ ನಿಂತು, ಮತ್ತೆ ಗೊತ್ತುಗುರಿಯಿಲ್ಲದೆ ಸುತ್ತತೊಡಗಿತು.

ವಿಜ್ಞಾನ ಓದಿದವನಿಗೆ ಒಂದೇ ಸಲದ ಫಲಿತಾಂಶ ಸಾಲದು. ಹೆಂಡತಿ ಬಲೆ ಹಿಡಿದೇ ಇರಲು, ಇನ್ನೆರಡು ಸಲ ಕಲ್ಲು ಇಟ್ಟ, ಎತ್ತಿದ. ಎರಡು ಸಲವೂ ಅದೇ ಕಥೆ.

ಒದ್ದೆ ಕೈ ಒರೆಸಿಕೊಳ್ಳದೆ ಅವನು ಕುರ್ಚಿಯಲ್ಲಿ ಕುಸಿದ. ಪುಂಡಾಟ ದಣಿಯದೇ ಇರಬಹುದು. ಆದರೆ ನಕ್ಷೆ ಬರೆದ ಆರು ತಿಂಗಳಿಂದ ವಾರಕ್ಕೊಮ್ಮೆ ಅದರ ಸಾಮ್ರಾಜ್ಯವನ್ನು ಅಳೆದು, ಗಡಿಕಲ್ಲು ನೆಟ್ಟು, ಮರಳಿ ಅದಕ್ಕೇ ಒಪ್ಪಿಸುತ್ತಿದ್ದವನು ತಾನು.

"ಏನಾಯ್ತು ಅಳಿಯಂದ್ರೇ, ನಾನು ಇಟ್ಟಿದ್ದು ತಪ್ಪಾ?"

"ಇಲ್ಲ ಅತ್ತೆ. ಮುಂದಿನ ಶನಿವಾರಾನೂ ಬರ್ತೀರಾ?"

"ಬರ್ತೀನಿ. ಮತ್ತೆ ಹೀಗೇ ಇಡ್ಲಾ?"

"ಹೀಗೆ ಇಡಬಾರದು. ಬೇರೆ ಥರ ಇಡಿ. ಪ್ರತಿ ಸಲಾನೂ."

ಕರಿಗಲ್ಲನ್ನು ಅತ್ತೆ ಇಟ್ಟಿದ್ದಲ್ಲಿಗೇ ಮರಳಿಸಿ, ನಕ್ಷೆಯನ್ನು ಗಾಜಿನಿಂದ ಕಿತ್ತ. ಅಂಟು ಗಟ್ಟಿಯಾಗಿತ್ತು, ಉಗುರಿನಿಂದ ಕೆರೆಯಬೇಕಾಯಿತು.

ಮರುದಿನ ಹನ್ನೊಂದಕ್ಕೆ ಸರಿಯಾಗಿ ಅಂಗಡಿಯವನು ಬಕೆಟ್ ಸಮೇತ ಬಂದ. ಅರ್ಧ ಗಂಟೆ ತೊಟ್ಟಿಯ ಮುಂದೆ ಕೂತು ಕಾಫಿ ಮುಗಿಸಿದ.

"ಇದರಲ್ಲಿ ರೌಡಿ ಯಾವ್ದು ಸಾರ್?"

"ಇವತ್ತು ಯಾರೂ ಇಲ್ಲ," ಎಂದ ಸರ್ವೇಯರ್, ತುಸು ನಾಚಿಕೊಂಡು. ಅಂಗಡಿಯವನು ಖಾಲಿ ಬಕೆಟ್ ಹೊತ್ತು ಗೊಣಗುತ್ತ ಹೋದ.

ದಣಿ ಸಂತನೇನೂ ಆಗಲಿಲ್ಲ. ಊಟಕ್ಕೆ ಈಗಲೂ ಮೊದಲು ಬರುತ್ತದೆ. ಆದರೆ ಪುಟಾಣಿ ಹೀಟರಿನ ಹಿಂದಿನಿಂದ ಹೊರಬಂತು. ಮಾರ್ಚ್ 12ರ ಭಾನುವಾರ ಅದು ಮುಂದಿನ ಗಾಜಿಗೆ ಒತ್ತಿ ನಿಂತಾಗ, ಸರ್ವೇಯರ್ ಹೊರಗಿನಿಂದ ಸ್ಕೇಲ್ ಹಿಡಿದು, ಉಸಿರು ಬಿಗಿಹಿಡಿದು ಓದಿದ. ಬಾಲದಲ್ಲಿ ಹೊಸದಾಗಿ ಬೆಳೆದದ್ದು ಆರು ಮಿಲಿಮೀಟರ್.