ಲಲಿತಾ ಟೀಚರಿಗೆ ಬೇಡವಾದ ಸೀರೆ

ಸತ್ತ ನಾದಿನಿ ಲಲಿತಾಳ ಕೈಯಿಂದ ಗಡಿಯಾರ ಬಿಚ್ಚುತ್ತಿದ್ದ ಭವಾನಿಗೆ, ಪಡಸಾಲೆಯಲ್ಲಿ ಗಂಡ ಫೋನಿನಲ್ಲಿ ಯಾರನ್ನೋ ‘ಭಾವಾರ’ ಎಂದು ಕರೆದದ್ದು ಕೇಳಿಸಿತು. ಅವಳ ಬೆರಳುಗಳು ಪಟ್ಟಿಯ ಮೇಲೆ ಹಾಗೇ ನಿಂತವು. ಅವಳು ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತೈದು ವರ್ಷ. ಒಮ್ಮೆಯೂ ಆ ಶಬ್ದ ಕೇಳಿರಲಿಲ್ಲ.

“ಮಣ್ಣು ನಾಕಕ್ಕ ಐತ್ರಿ,” ಪ್ರಭುರಾಜ ಹೇಳುತ್ತಿದ್ದ. “ಸೀರಿ ಒಂದು ತಗೊಂಡು ಬಂದುಬಿಡ್ರಿ. ಉಳಿದದ್ದು ನಾವು ನೋಡ್ಕೋತೀವಿ.”

ಲಲಿತಾ ಪ್ರಭುರಾಜನ ಅಕ್ಕ. ಗಂಗಾವತಿಯ ಅಕ್ಕಿ ವ್ಯಾಪಾರಿ ದೇವೇಂದ್ರಪ್ಪನ ಮನೆಯಲ್ಲಿ ಹನ್ನೊಂದು ತಿಂಗಳು ಬಾಳ್ವೆ ಮಾಡಿ, ಅವನು ಇನ್ನೊಬ್ಬಳನ್ನು ಕರೆತಂದ ಮೇಲೆ ಒಂದು ಟ್ರಂಕು ಹಿಡಿದುಕೊಂಡು ಕೊಪ್ಪಳದ ತವರಿಗೆ ಬಂದವಳು. ಜಗಳ ಆಡಲಿಲ್ಲ, ಕೋರ್ಟಿಗೂ ಹೋಗಲಿಲ್ಲ. ಬಿ.ಎಡ್. ಮುಗಿಸಿ ಗಿಣಿಗೇರಾದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರಾದಳು. ಕೊರಳಲ್ಲಿ ತಾಳಿ ಮಾತ್ರ ಉಳಿಯಿತು. ತೆಗೆಯಲು ಅವ್ವ ಬಿಟ್ಟಿರಲಿಲ್ಲ. ಅವ್ವ ಹೋದ ಮೇಲೆ ಅದರ ಮಾತೇ ಬರಲಿಲ್ಲ. ಈಗ ಆ ತಾಳಿಯನ್ನೇ ಹಿಡಿದು ಅವಳನ್ನು ಮುತ್ತೈದೆಯಾಗಿ ಕಳಿಸುವುದೆಂದು ಪ್ರಭುರಾಜ ನಿಶ್ಚಯಿಸಿದ್ದ. ಗಂಡನ ಮನೆಯ ಸೀರೆ ಉಡಿಸಬೇಕು, ಗಂಡನ ಕೈಯಿಂದ ಕುಂಕುಮ ಹಚ್ಚಿಸಬೇಕು, ಹಸಿರು ಬಳೆ ಇಟ್ಟು ಉಡಿ ತುಂಬಬೇಕು.

ಭವಾನಿ ಹೊರಗೆ ಬಂದು, ಅವರನ್ನು ಏಕೆ ಕರೆದಿರಿ ಎಂದು ತಗ್ಗಿದ ದನಿಯಲ್ಲಿ ಕೇಳಿದಳು.

“ಯಲಬುರ್ಗಾದವರು ಬರಾಕ ಹತ್ಯಾರ,” ಎಂದ ಪ್ರಭುರಾಜ. “ಗಂಡ ಬಂದು ಮಣ್ಣು ಹಾಕಿದ ಅಂದ್ರ ಎಲ್ಲಾ ಮಾತು ಅಲ್ಲಿಗೆ ಮುಗೀತಾವ.”

ಯಲಬುರ್ಗಾದವರೆಂದರೆ ಕಳಕಮ್ಮ ಮತ್ತು ಅವಳ ಮನೆಯವರು. ಮಗ ಗಾಳೇಶನಿಗೆ ಭವಾನಿಯ ಮಗಳು ಅನುಷಾಳನ್ನು ಕೇಳಿದ್ದರು. ಹೆಣ್ಣು ನೋಡಲು ಬಂದ ದಿನ ಕಳಕಮ್ಮ ಚಹಾ ಕುಡಿಯುತ್ತ, ನಿಮ್ಮ ನಾದಿನಿಯ ಗಂಡ ಎಲ್ಲಿರುತ್ತಾರೆ ಎಂದು ಎರಡು ಸಲ ವಿಚಾರಿಸಿದ್ದಳು. ಅನುಷಾಳಿಗೆ ಹುಡುಗ ಮನಸ್ಸಿಗೆ ಬಂದಿದ್ದ. ಅವನ ಫೋನು ಬಂತೆಂದರೆ ಮಾಳಿಗೆ ಹತ್ತುತ್ತಿದ್ದಳು. ಇಳಿಯುವಾಗ ಅವಳ ಮುಖವೇ ಬೇರೆಯಾಗಿರುತ್ತಿತ್ತು. ಭವಾನಿ ಒಳಗೆ ಹೋದಳು.

*

ದವಾಖಾನೆಯಲ್ಲಿ, ಹತ್ತು ದಿನದ ಹಿಂದೆ, ಲಲಿತಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವಳು ಇದ್ದಕ್ಕಿದ್ದಂತೆ ಮಾತಾಡಿದ್ದಳು.

“ಭವಾನಿ, ನಾ ಹೋದ್ರ ಗಂಗಾವತಿಗೆ ಹೇಳಬ್ಯಾಡ್ರಿ. ಆ ಮನಿ ಸೀರಿ ನನ್ನ ಮೈಮ್ಯಾಲ ಬ್ಯಾಡ.”

ಭವಾನಿ ಹೂಂ ಎಂದಳು.

“ಹೂಂ ಅಲ್ಲ. ಬಾಯಿ ಬಿಟ್ಟು ಹೇಳು.”

“ನಾ ನೋಡ್ಕೋತೀನ್ರಿ ಅಕ್ಕಾರ.”

ಲಲಿತಾ ಕಣ್ಣು ಮುಚ್ಚಿಕೊಂಡಳು. ತಮ್ಮನಿಗೆ ಹೇಳಲಿಲ್ಲ, ಅನುಷಾಳಿಗೂ ಹೇಳಲಿಲ್ಲ. ಆ ಮಾತು ಭವಾನಿ ಒಬ್ಬಳ ಹತ್ತಿರ ಉಳಿಯಿತು.

*

ಹನ್ನೊಂದರ ಹೊತ್ತಿಗೆ ಗಿಣಿಗೇರಾದಿಂದ ಒಂದು ಟೆಂಪೋ ತುಂಬ ಹೆಂಗಸರು ಬಂದಿಳಿದರು. ಗಂಡಂದಿರು ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಮಲಗಿದ್ದರಂತೆ. ಲಲಿತಾಳ ಹತ್ತಿರ ಕಲಿತ ಹುಡುಗಿಯರ ತಾಯಂದಿರು ಅವರೆಲ್ಲ. ಗೋಡೆಗೆ ಒರಗಿಸಿ ಕೂಡಿಸಿದ್ದ ಟೀಚರನ್ನು ನೋಡಿ ಅತ್ತು, ಮುಖ ಒರೆಸಿಕೊಂಡು, ಅಡುಗೆಮನೆಯ ಬಾಗಿಲ ಬಳಿ ಗುಂಪಾಗಿ ಕುಳಿತರು.

“ನಿಮ್ಮ ಟೀಚರ್ ನಮ್ಮನ್ನ ಭಾಳ ಕಾಡ್ಯಾರ ನೋಡ್ರಿ,” ಎಂದು ಅವರಲ್ಲೊಬ್ಬಳು, ಮೆಹಬೂಬಬೀ, ಭವಾನಿಗೆ ಹೇಳಿದಳು. ಉಳಿದವರು ತಲೆ ಆಡಿಸಿದರು. ಯಾವ ಕಾಟವೆಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು.

ಹತ್ತನೆಯ ಇಯತ್ತೆಯಲ್ಲಿ ‘ಹೂ’, ‘ವಿಚ್’, ‘ದ್ಯಾಟ್’ ಹಚ್ಚಿ ವಾಕ್ಯ ಕೂಡಿಸುವ ಪಾಠ ಬರುತ್ತದೆ. ಕನ್ನಡದಲ್ಲಿ ರೊಟ್ಟಿ ಬಡಿಯುವ, ನೀರು ತರುವ, ಬೈಸಿಕೊಳ್ಳುವ ಎಂದೆಲ್ಲ ಹೇಳಿ ಮುಗಿಸಿದ ಮೇಲೆ ತಾಯಿ ಬರುತ್ತಾಳೆ. ಇಂಗ್ಲಿಷಿನಲ್ಲಿ ಹಾಗಲ್ಲ, ಮೊದಲು ಅವಳನ್ನು ಕರೆದು ಕೂಡಿಸಿ, ಆಮೇಲೆ ‘ಹೂ’ ಎಂದು ಅವಳ ಸುದ್ದಿ ತೆಗೆಯಬೇಕು ಎಂದು ಲಲಿತಾ ಕಲಿಸುತ್ತಿದ್ದಳು. ಅದರ ಹಿಂದೆ ದೊಡ್ಡ ದೊಡ್ಡ ಕ್ರಿಯಾಪದ ಬೇಕಾಗಿಲ್ಲ. ದಿನಬಳಕೆಯ ನೋ, ವಾಂಟ್, ಲೈಕ್, ಕೀಪ್ ಸಾಕು. ಮನೆಗೆಲಸವಾಗಿ ‘ಮೈ ಮದರ್ ಈಸ್ ಎ ವುಮನ್ ಹೂ’ ಎಂದು ಬರೆಸಿ, ಮುಂದೆ ಜಾಗ ಬಿಡಿಸುತ್ತಿದ್ದಳು. ಅಡುಗೆ, ಕಸ, ಮುಸುರೆ ಬರೆದರೆ ಕೆಂಪು ಗೆರೆ. ತಾಯಿಗೆ ಏನು ಗೊತ್ತು ಎಂದು ‘ನೋಸ್’ ಹಚ್ಚಿ ಒಂದು, ಏನು ಬೇಕು ಎಂದು ‘ವಾಂಟ್ಸ್’ ಹಚ್ಚಿ ಒಂದು ವಾಕ್ಯ ಬೇಕೇ ಬೇಕು. ಕಟ್ಟಿ ಬರೆಯುವಂತಿಲ್ಲ, ಮನೆಗೆ ಹೋಗಿ ತಾಯಿಯನ್ನೇ ಕೇಳಿ ಬರಬೇಕು. ಒಬ್ಬ ತಂದೆ ಹೆಡ್‌ಮಾಸ್ತರರವರೆಗೆ ತಕರಾರು ಒಯ್ದಿದ್ದ.

“ನನ್ನ ಮಗಳು ಬಂದು, ಅಮ್ಮೀ ನಿನಗ ಏನು ಬರ್ತೈತಿ, ಅಡಗಿ ಬಿಟ್ಟು ಹೇಳು ಅಂದಳು,” ಮೆಹಬೂಬಬೀ ಹೇಳಿದಳು. “ಸೈಕಲ್ ಬರ್ತೈತಿ ಅಂದೆ. ಮದಿವಿ ಆಗಿ ಹದಿನಾರು ವರ್ಷಾಗಿತ್ರಿ, ಮನ್ಯಾಗ ಒಬ್ಬರಿಗೂ ಗೊತ್ತಿದ್ದಿಲ್ಲ.”

“ಆಮ್ಯಾಲ ಸೈಕಲ್ ಹೊಡದ್ಯೋ ಇಲ್ಲೋ?” ಪಕ್ಕದವಳು ಕೇಳಿದಳು.

“ಎಲ್ಲಿ ಹೊಡೀತಿ. ಮರುದಿನಾನ ನಮ್ಮವರು ಸೈಕಲ್ಲಿಗೆ ಬೀಗ ಹಾಕಿದ್ರು.”

ಹೆಂಗಸರು ಸೆರಗು ಬಾಯಿಗೆ ಒತ್ತಿ ನಕ್ಕರು. ಹೆಣ ಇರುವ ಮನೆಯೆಂದು ನೆನಪಾಗಿ ಸುಮ್ಮನಾದರು.

ಭವಾನಿಗೆ ನಗು ಬರಲಿಲ್ಲ. ಮದುವೆಯಾದ ಹೊಸತರಲ್ಲಿ ಲಲಿತಾ ಒಲೆಯ ಎದುರು ನೋಟ್‌ಬುಕ್ಕು ತಿದ್ದುತ್ತ ಕುಳಿತವಳು ಅವಳನ್ನೂ ಕೇಳಿದ್ದಳು: ಭವಾನಿ ಈಸ್ ಎ ವುಮನ್ ಹೂ ವಾಂಟ್ಸ್... ಹೇಳು, ನಿನಗ ಏನು ಬೇಕು? ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿನಲ್ಲೇ ನಪಾಸಾದವಳು ಭವಾನಿ. ಆದರೆ ಆವತ್ತು ಅವಳು ಹೆದರಿದ್ದು ಇಂಗ್ಲಿಷಿಗಲ್ಲ. ನಿಮ್ಮ ತಮ್ಮಗ ಬಿಸಿ ರೊಟ್ಟಿ ಬೇಕು ಎಂದು ಹೇಳಿ ಹಂಚಿನ ಕಡೆ ತಿರುಗಿದ್ದಳು. ವರ್ಷಕ್ಕೊಮ್ಮೆ ಆ ಪಾಠ ಬಂದಾಗ ಲಲಿತಾ ಮತ್ತೆ ಕೇಳುತ್ತಿದ್ದಳು. ಭವಾನಿ ಒಂದು ಸಲ ಮಗಳ ಜ್ವರ ಇಳಿಯಬೇಕು ಎಂದಳು, ಇನ್ನೊಂದು ಸಲ ಇವರಿಗೆ ಬಡ್ತಿ ಸಿಗಬೇಕು ಎಂದಳು. ಲಲಿತಾ ತಲೆ ಅಲ್ಲಾಡಿಸಿ ನೋಟ್‌ಬುಕ್ಕಿಗೆ ಮರಳುತ್ತಿದ್ದಳು. ಈಚಿನ ಏಳೆಂಟು ವರ್ಷ ಕೇಳುವುದನ್ನೇ ಬಿಟ್ಟಿದ್ದಳು. ಯಾಕೆ ಬಿಟ್ಟಿರಿ ಎಂದು ಕೇಳಲು ಭವಾನಿಗೆ ಬಾಯಿ ಬಂದಿರಲಿಲ್ಲ.

*

ಎರಡಕ್ಕೆ ದೇವೇಂದ್ರಪ್ಪ ಬಂದ. ಅರವತ್ತು ದಾಟಿದ ಮನುಷ್ಯ. ಬಿಳಿ ಅಂಗಿ, ಕಂಕುಳಲ್ಲಿ ಅಂಗಡಿಯ ಚೀಲ. ಲಲಿತಾಳ ಮುಖವನ್ನು ನೋಡಿದ, ಕೈ ಮುಗಿದ, ಕುರ್ಚಿಯಲ್ಲಿ ಕುಳಿತ. ಭವಾನಿ ನೀರು ಕೊಟ್ಟಾಗ ಲೋಟ ಹಿಡಿದುಕೊಂಡೇ ಕೇಳಿದ: “ಸಾಲ್ಯಾಗ ಏನು ಕಲಸ್ತಿದ್ರು?”

“ಇಂಗ್ಲಿಷ್ರಿ.”

ಅವನು ಹೌದಾ ಎಂಬಂತೆ ತಲೆದೂಗಿದ. ಕಂಬದ ಪಕ್ಕ ಕುಳಿತಿದ್ದ ಕಳಕಮ್ಮ, ಇವರೇ ಗಂಡನೋ ಎಂದು ಪ್ರಭುರಾಜನನ್ನು ಕೇಳಿದಳು. ಹೌದ್ರಿ ಎಂದು ಅವನು ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳಿದ.

ಮನೆತನದ ಹಿರಿಯಳು ಕರಿಯವ್ವ ಮೀಯಿಸಲು ಎದ್ದಳು. ಏಳುತ್ತಲೇ ಭವಾನಿಯ ಕಡೆ ತಿರುಗಿದಳು.

“ದವಾಖಾನ್ಯಾಗ ಇದ್ದಾಕಿ ನೀನು. ಸೀರಿ ಬಗ್ಗೆ, ಮಣ್ಣಿನ ಬಗ್ಗೆ ಏನರ ಅಂದಿದ್ದಳೇನವಾ?”

ಪಡಸಾಲೆಯಲ್ಲಿದ್ದವರೆಲ್ಲ ನೋಡಿದರು. ಗಂಡ ನೋಡಿದ. ಕಳಕಮ್ಮ ನೋಡಿದಳು. ಬಿಸಿನೀರಿನ ಕೊಡ ಹಿಡಿದು ಅನುಷಾ ನಿಂತಿದ್ದಳು.

“ಏನೂ ಅಂದಿಲ್ರಿ,” ಎಂದಳು ಭವಾನಿ.

ಲಲಿತಾಳನ್ನು ಒಳಕೋಣೆಗೆ ಒಯ್ದು ಬಾಗಿಲು ಮುಚ್ಚಿದರು. ಕರಿಯವ್ವ ನೀರು ಹಾಕಿದಳು, ಭವಾನಿ ತಿಕ್ಕಿದಳು. ಹಿಮ್ಮಡಿಯ ಸೀಳುಗಳಲ್ಲಿ ಗಿಣಿಗೇರಾದ ಕರಿ ದೂಳು ಕುಳಿತಿತ್ತು. ಮೂವತ್ತು ವರ್ಷ ಬಸ್ ಸ್ಟ್ಯಾಂಡಿನಿಂದ ಶಾಲೆಗೆ ನಡೆದ ಕಾಲು. ಎಷ್ಟು ತಿಕ್ಕಿದರೂ ಅದು ಬಿಡಲಿಲ್ಲ. ಮೈ ಒರೆಸಿದ ಮೇಲೆ ಕರಿಯವ್ವ ದೇವೇಂದ್ರಪ್ಪ ತಂದ ಚೀಲದಿಂದ ಕೆಂಪು ಜರತಾರಿ ಸೀರೆ ತೆಗೆದು ಒಂದು ತುದಿಯನ್ನು ಭವಾನಿಯ ಕೈಗೆ ಕೊಟ್ಟು, ನೆರಿಗೆ ಹಿಡಿ ಎಂದಳು.

ಭವಾನಿ ಒಂದು ನೆರಿಗೆ ಹಿಡಿದಳು. ಎರಡನೆಯದು ಬರಲಿಲ್ಲ.

“ಅಂದಿದ್ರು, ಆಯೀ,” ಎಂದಳು. “ಈ ಸೀರಿ ಬ್ಯಾಡ ಅಂದಿದ್ರು. ಅವರನ್ನ ಕರೀಬ್ಯಾಡ್ರಿ ಅಂದಿದ್ರು. ನಾ ಒಪ್ಪಿದ್ದೆ.”

ಅನುಷಾಳೇ ಮೊದಲು ಮಾತಾಡಿದಳು.

“ಅವ್ವಾ, ಹೊರಗ ಯಲಬುರ್ಗಾದವರು ಕುಂತಾರ.”

ಅವಳು ಬೇಡಿಕೊಳ್ಳಲಿಲ್ಲ, ಸಿಟ್ಟೂ ಮಾಡಲಿಲ್ಲ. ಅಷ್ಟೇ ಹೇಳಿ ಖಾಲಿ ಕೊಡವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು. ಅವಳ ಕಣ್ಣಲ್ಲಿ ಅತ್ತೆಗಾಗಿ ಅತ್ತ ನೀರು ಇನ್ನೂ ಆರಿರಲಿಲ್ಲ.

ಕರಿಯವ್ವ ಸೊಂಟ ಹಿಡಿದುಕೊಂಡು ಮೆಲ್ಲಗೆ ನೆಲಕ್ಕೆ ಕುಳಿತಳು. “ಉಡಿಸಿದ್ರ ಆಕೀಗೇನೂ ಗೊತ್ತಾಗೂದಿಲ್ಲ. ಹೋದಾಕಿ ಹೋದಳು. ಇನ್ನ ಈ ಮನ್ಯಾಗ ಇರಾಕಿ ನೀನು. ನಿನಗ ಏನು ಬೇಕು ಹೇಳು, ಹಂಗ ಮಾಡೂಣು.”

ಭವಾನಿ ಮಗಳನ್ನು ನೋಡಿದಳು. ಒದ್ದೆ ಕೂದಲಿನ ಲಲಿತಾಳನ್ನು ನೋಡಿದಳು. ಹಿಡಿದಿದ್ದ ನೆರಿಗೆಯನ್ನು ಬಿಟ್ಟಳು.

“ಇದನ್ನ ಉಡಸೂದು ನನಗ ಬ್ಯಾಡ.”

ತವರಿನ ಸೀರೆಯೆಂದು ತಾನೇ ತಂದಿಟ್ಟಿದ್ದ ಹಸಿರು ಇಳಕಲ್ ಸೀರೆಯನ್ನು ಅವಳು ಉಡಿಸಿದಳು. ಹಣೆಗೆ ವಿಭೂತಿ ಹಚ್ಚಿದಳು. ಬಾಗಿಲು ತೆರೆದು ಲಲಿತಾಳನ್ನು ಹೊರಗೆ ತಂದು ಹೆಣ ಹೊರುವ ಹೂವಿನ ವಿಮಾನದಲ್ಲಿ ಕೂಡಿಸಿದಾಗ ಪ್ರಭುರಾಜನ ಕಣ್ಣು ನೇರ ಸೀರೆಯ ಮೇಲೆ ಬಿತ್ತು. ಕುಂಕುಮದ ಬಟ್ಟಲು ಹಿಡಿದು ದೇವೇಂದ್ರಪ್ಪ ಎದ್ದು ನಿಂತಿದ್ದ.

ಹಿಂದಿನಿಂದ ಭವಾನಿ ಬಂದಳು. ಮಡಚಿದ ಕೆಂಪು ಸೀರೆ ಅವಳ ಎರಡೂ ಕೈಗಳ ಮೇಲಿತ್ತು.

“ಅಕ್ಕಾರಿಗೆ ಇದು ಬ್ಯಾಡಾಗಿತ್ತು. ನೀವು ಬರೂದೂ ಬ್ಯಾಡಾಗಿತ್ತು. ಆಗ ನಾ ಸುಳ್ಳು ಹೇಳಿದೆ,” ಎಂದು ಸೀರೆಯನ್ನು ದೇವೇಂದ್ರಪ್ಪನ ಮುಂದೆ ಚಾಚಿದಳು.

ಅವನು ಪ್ರಭುರಾಜನ ಮುಖ ನೋಡಿದ. ಬಟ್ಟಲನ್ನು ಕುರ್ಚಿಯ ಮೇಲಿಟ್ಟು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಪ್ರಭುರಾಜ ಹೆಂಡತಿಯ ಕಡೆ ತಿರುಗದೆ ವಿಮಾನದ ಬಿದಿರಿಗೆ ಹೆಗಲು ಕೊಟ್ಟ. ಕಳಕಮ್ಮ ಸೆರಗು ಸರಿಪಡಿಸಿಕೊಂಡು ಮೆಟ್ಟಿಲಿಳಿದು ಚಪ್ಪಲಿಗಳ ರಾಶಿಯಲ್ಲಿ ತನ್ನವನ್ನು ಹುಡುಕತೊಡಗಿದಳು.

ಭಜನೆ ಶುರುವಾಯಿತು. ಗಂಡಸರು ಓಣಿಗೆ ಇಳಿದರು, ಗಿಣಿಗೇರಾದ ಹೆಂಗಸರು ಹಿಂದೆ ಹೊರಟರು. ಹೊಸ್ತಿಲಲ್ಲಿ ನಿಂತ ತಾಯಿಯನ್ನು ದಾಟಿ ಹೋಗಲು ಅನುಷಾ ಪಕ್ಕಕ್ಕೆ ಸರಿದು, ಗೋಡೆಗೆ ಮೈ ಒತ್ತಿ ಹೊರಗೆ ನುಸುಳಿದಳು. ಕೈ ಒಡ್ಡಿಕೊಂಡೇ ಇದ್ದ ಭವಾನಿಯಿಂದ ಸೀರೆಯನ್ನು ಯಾರೂ ತೆಗೆದುಕೊಳ್ಳಲಿಲ್ಲ. ರೇಷ್ಮೆ ಜಾರುವ ಬಟ್ಟೆ. ಒಂದೊಂದೇ ಮಡಿಕೆ ಬಿಚ್ಚಿ ಜರಿಯಂಚು ಅವಳ ಮುಂಗೈ ಮೇಲಿಂದ ಇಳಿದು, ಹೊಸ್ತಿಲ ಆಚೆಗೂ ಈಚೆಗೂ ಬೀಳುತ್ತಿತ್ತು.