ಜೇಬಿನಲ್ಲಿ ಸಿಕ್ಕಿದ್ದು

ಆ ಲಾಂಡ್ರಿಯಲ್ಲಿ ಯಜಮಾನ ಮಾಡಿದ ನಿಯಮಗಳು ಹತ್ತಾರು, ನ್ಯಾಯವಾದದ್ದು ಒಂದೇ ಒಂದು. ಗಿರಾಕಿಯ ಜೇಬಿನಲ್ಲಿ ಏನೇ ಸಿಗಲಿ, ಗುಂಡಿಯೋ ಬಸ್ ಟಿಕೆಟ್ಟೋ, ಅದನ್ನು ಕವರಿಗೆ ಹಾಕಿ, ಮೇಲೆ "ಜೇಬಿನಲ್ಲಿ ಸಿಕ್ಕಿದ್ದು" ಎಂದು ಬರೆದು, ಅದೇ ಬಟ್ಟೆಗೆ ಪಿನ್ನು ಚುಚ್ಚಿ ವಾಪಸು ಕೊಡಬೇಕು. "ಯಾರ ವಸ್ತು ಅವರಿಗೇ ಸೇರಬೇಕು" ಎಂದು ಆತ ಎದೆ ತಟ್ಟಿಕೊಂಡು ಹೇಳುತ್ತಿದ್ದ. ಹಾಗೆ ಹೇಳುವಾಗ ಅವನ ಬೆನ್ನ ಹಿಂದಿನ ಬೀರುವಿನಲ್ಲಿ ಆರು ಜನ ಕೆಲಸಗಾರರ ಪಾಸ್‌ಪೋರ್ಟುಗಳು, ಫೋನುಗಳು ಬೀಗ ಹಾಕಿಸಿಕೊಂಡು ಕೂತಿರುತ್ತಿದ್ದವು. ನಾಚಿಕೆ ಎನ್ನುವುದು ಆ ಮನುಷ್ಯನ ಹತ್ತಿರ ಸುಳಿದದ್ದೇ ಇಲ್ಲ.

ಇಸ್ತ್ರಿ ಮೇಜಿನವಳನ್ನು ಅಲ್ಲಿ ಎಲ್ಲರೂ ಅಕ್ಕ ಎನ್ನುತ್ತಿದ್ದರು. ಒಡಹುಟ್ಟಿದ ತಂಗಿ ಒಬ್ಬಳೇ, ಚಾದರ ಮಡಚುವವಳು. ಎರಡು ವರ್ಷದ ಹಿಂದೆ ಏಜೆಂಟನೊಬ್ಬ ಇವರ ಮನೆಗೆ ಬಂದು, ತನ್ನನ್ನು ಚಿಕ್ಕಪ್ಪ ಎಂದೇ ಕರೆಯಬೇಕೆಂದು ಒತ್ತಾಯಿಸಿ, ದೊಡ್ಡ ಹೋಟೆಲಿನಲ್ಲಿ ಕೆಲಸ, ವಾರಕ್ಕೊಂದು ರಜ ಎಂದು ಮೂಗಿಗೆ ತುಪ್ಪ ಸವರಿ ಸಮುದ್ರ ದಾಟಿಸಿದ್ದ. ಹೋಟೆಲಿನ ಬಾಗಿಲನ್ನು ಅಕ್ಕತಂಗಿಯರು ಇನ್ನೂ ಕಂಡಿರಲಿಲ್ಲ. ಅಲ್ಲಿನ ಕೊಳೆ ಚಾದರಗಳನ್ನು ಮಾತ್ರ ದಿನಕ್ಕೆ ಹದಿನಾರು ಗಂಟೆ ಕಾಣುತ್ತಿದ್ದರು. ಸಂಬಳದ ಮಾತೆತ್ತಿದರೆ "ಮುಂದಿನ ತಿಂಗಳು" ಎಂಬ ಉತ್ತರ. ಬೀದಿ ಬಾಗಿಲಿಗೆ ಬೀಗವಿರಲಿಲ್ಲ. ಕಾಗದವಿಲ್ಲದೆ ಹೊರಗೆ ಕಾಲಿಟ್ಟರೆ ಪೊಲೀಸರು ನೇರ ಜೈಲಿಗೆ ತಳ್ಳುತ್ತಾರೆ ಎಂದು ಯಜಮಾನ ಹೇಳಿಟ್ಟಿದ್ದ, ಅಷ್ಟೇ ಸಾಕಾಗಿತ್ತು.

ಅವನು ಯಾರನ್ನೂ ಹೆಸರು ಹಿಡಿದು ಕರೆದವನಲ್ಲ. ನೀಲಿ ಟೋಪಿಯ ಮೇಲೆ ಹೊಲಿದ ನಂಬರು ನೋಡಿ ಕೂಗುತ್ತಿದ್ದ. ಅಕ್ಕ ಮೂರು, ತಂಗಿ ನಾಲ್ಕು.

ಹೀಗಿರುವಾಗ ಒಂದು ದಿನ ಆ ಏಜೆಂಟ್ ಚಿಕ್ಕಪ್ಪ ಬಂದು ಕೌಂಟರಿಗೆ ಒರಗಿ ನಿಂತ. "ನಾಲ್ಕನ್ನ ನಾಳೆ ಸಂಜೆ ಕರ್ಕೊಂಡ್ ಹೋಗ್ತೀನಿ. ಬೇರೆ ಊರಲ್ಲಿ ಮೀನಿನ ಫ್ಯಾಕ್ಟರಿಗೆ ಜನ ಬೇಕಂತೆ" ಎಂದ. ಯಜಮಾನ ಪೇಪರಿನಿಂದ ತಲೆ ಎತ್ತದೆ ಹೂಂ ಎಂದ. ಒಳಗೆ ಅಕ್ಕನಿಗೆ ಅದು ಕೇಳಿಸಿತು. ಒಬ್ಬರ ಕೈ ಒಬ್ಬರು ಬಿಡಬೇಡಿ ಎಂದು ಹೇಳಿ ಅಮ್ಮ ಕಳಿಸಿದ್ದಳು. ಇಷ್ಟು ದಿನ ಎಲ್ಲವನ್ನೂ ಸಹಿಸಿಕೊಂಡದ್ದು ತಂಗಿ ಕಣ್ಣೆದುರಿಗೆ ಇದ್ದಾಳೆ ಎಂಬ ಒಂದೇ ಧೈರ್ಯದ ಮೇಲೆ.

ಮಾರನೆಯ ಮಧ್ಯಾಹ್ನ ಯಜಮಾನ ತನ್ನ ಕೋಟು ತಂದು ಮೇಜಿನ ಮೇಲೆ ಎಸೆದ. "ಮೂರು, ಸಂಜೆ ಮದುವೆಗೆ ಹೋಗ್ಬೇಕು. ಗೆರೆ ಚಾಕುವಿನ ಹಾಗಿರ್ಲಿ" ಎಂದು ಹೇಳಿ, ತಲೆಗೆ ಬಣ್ಣ ಹಾಕಿಸಿಕೊಳ್ಳಲು ಎದುರುಗಡೆ ಕ್ಷೌರದಂಗಡಿಗೆ ಹೋದ. ಅಲ್ಲಿನ ಕನ್ನಡಿಯಲ್ಲಿ ಲಾಂಡ್ರಿಯ ಬಾಗಿಲು ಪೂರ್ತಿ ಕಾಣುತ್ತದೆ. ಅದಕ್ಕೇ ಅವನಿಗೆ ಆ ಕುರ್ಚಿ ಬಲು ಇಷ್ಟ.

ಇಸ್ತ್ರಿಗೆ ಮುಂಚೆ ಜೇಬು ನೋಡುವುದು ಅಕ್ಕನ ಕೈಗೆ ಅಂಟಿದ ಅಭ್ಯಾಸ. ಕೋಟಿನ ಒಳಜೇಬಿನಲ್ಲಿ ಬೀರುವಿನ ಕೀ ಇತ್ತು.

"ಅಯ್ಯೋ, ಕಳ್ಳತನ ಆಗಲ್ವೇನೇ ಅಕ್ಕಾ?" ಎಂದು ತಂಗಿ ಪಿಸುಗುಟ್ಟಿದಳು.

"ಕಳ್ಳತನ ಎಲ್ಲಿಂದ ಬಂತು? ಯಾರ ವಸ್ತು ಅವರಿಗೆ. ಯಜಮಾನನದೇ ನಿಯಮ ಕಣೇ!"

ಬೀರು ತೆರೆದು ಅಕ್ಕ ಪಾಸ್‌ಪೋರ್ಟು, ಫೋನುಗಳನ್ನು ಅವರವರ ಕೈಗಿತ್ತಳು. ತೊಳೆಯುವ ಯಂತ್ರದವನಿಗೆ ಎಲ್ಲರೂ ಸೋಪಣ್ಣ ಎನ್ನುತ್ತಿದ್ದರು. ಅವನು ತನ್ನ ಫೋಟೋ ನೋಡಿ, "ಇಷ್ಟು ದಪ್ಪ ಇದ್ನಾ ನಾನು?" ಎಂದು ಬೆರಗಾದ.

"ಸರಿ, ಹೊರಗೆ ಹೋಗೋದು ಹೇಗೆ? ಕನ್ನಡಿಯಲ್ಲಿ ಕಣ್ಣಿಟ್ಕೊಂಡು ಕೂತಿದಾನಲ್ಲ" ಎಂದಳು ತಂಗಿ.

ಅಕ್ಕ ತಂಗಿಯ ಟೋಪಿಯನ್ನು ಮುಟ್ಟಿ ತೋರಿಸಿದಳು. "ಅವನು ನಿನ್ನ ಮುಖ ನೋಡಿದ್ದು ಯಾವತ್ತು ಹೇಳು? ನೋಡೋದೆಲ್ಲ ಟೋಪಿ. ಟೋಪಿ ತೆಗೆದ್ರೆ ನಾವು ಗಿರಾಕಿಗಳು."

ಬರುವಾಗ ಉಟ್ಟಿದ್ದ ಒಳ್ಳೆಯ ಬಟ್ಟೆಗಳು ಅವರು ಮಲಗುವ ಮೂಲೆಯ ಟ್ರಂಕುಗಳಿಂದ ಹೊರಬಂದವು. ಎರಡು ವರ್ಷ ಊರವರ ಬಟ್ಟೆಗೆ ಇಸ್ತ್ರಿ ಮಾಡಿದ ಕೈ ಅವತ್ತು ಮೊದಲ ಸಲ ತನ್ನವರ ಬಟ್ಟೆಗೆ ಮಾಡಿತು. ಎಷ್ಟು ಅಕ್ಕರೆಯಿಂದ ಮಾಡಿತೆಂದರೆ, ಕಾಲರುಗಳೆಲ್ಲ ತಾವಾಗಿ ಎದ್ದು ನಿಂತವು. ಸೋಪಣ್ಣನ ಪ್ಯಾಂಟು ಮಾತ್ರ ಸೊಂಟದಲ್ಲಿ ನಿಲ್ಲದೆ ನಾಲ್ಕು ಪಿನ್ನು ತಿಂದಿತು. ಉಳಿದ ಸಾಮಾನು ಲಾಂಡ್ರಿಯ ಕಾಗದದಲ್ಲೇ ಪೊಟ್ಟಣವಾಯಿತು. ಬಟ್ಟೆ ಬಿಡಿಸಿಕೊಂಡ ಗಿರಾಕಿಗಳಂತೆ ಪೊಟ್ಟಣ ಕಂಕುಳಲ್ಲಿಟ್ಟು ಒಬ್ಬೊಬ್ಬರೇ, ಅವಸರವಿಲ್ಲದೆ, ಬೀದಿಗಿಳಿದರು. ತಂಗಿ ನಗು ತಡೆಯಲಾರದೆ ಕೆಮ್ಮುತ್ತಾ ಹೋದಳು. ಕನ್ನಡಿಯಲ್ಲಿ ಇದನ್ನು ಕಂಡ ಯಜಮಾನ ಇವತ್ತು ವ್ಯಾಪಾರ ಜೋರಾಗಿದೆ ಎಂದು ಹಿಗ್ಗಿದ.

ಅಕ್ಕ ಕೊನೆಯವಳು. ಕೋಟಿಗೆ ಚಾಕುವಿನಂಥ ಗೆರೆ ತೆಗೆದಳು. ಕೀಯನ್ನು ಕವರಿಗೆ ಹಾಕಿ, ಮೇಲೆ ಬರೆದು, ಪಿನ್ನು ಚುಚ್ಚಿ, ಕೌಂಟರಿನ ಮೇಲೆ ತೂಗುಹಾಕಿದಳು. ಬಾಗಿಲಿಗೆ ಬರುವಷ್ಟರಲ್ಲಿ ಎದುರಿಗೇ ಯಜಮಾನ, ತಲೆ ಮಿರಮಿರ ಮಿಂಚುತ್ತಾ. ಅವಳು ಪೊಟ್ಟಣವನ್ನು ಕಂಕುಳಲ್ಲಿ ಅವುಚಿಕೊಂಡಳು. ಅವನೋ ಹಲ್ಲು ಬಿಟ್ಟು, ಬಾಗಿಲನ್ನು ಅಗಲವಾಗಿ ತೆರೆದು ಹಿಡಿದ.

"ಇಸ್ತ್ರಿ ಚೆನ್ನಾಗಿ ಆಗಿದೆಯಾ ಮೇಡಂ?"

"ತುಂಬಾ ಚೆನ್ನಾಗಿದೆ. ಇಸ್ತ್ರಿ ಮಾಡಿದೋರಿಗೆ ಒಂದು ಥ್ಯಾಂಕ್ಸ್ ಹೇಳಿ."

"ಖಂಡಿತ ಹೇಳ್ತೀನಿ!"

ಕಾರ್ಮಿಕ ಇಲಾಖೆಯ ವಿಳಾಸ ಅಕ್ಕನಿಗೆ ಬಾಯಿಪಾಠವಾಗಿತ್ತು. ಅಲ್ಲಿನ ಅಧಿಕಾರಿಣಿಯೊಬ್ಬರ ಬಟ್ಟೆಯ ಚೀಟಿಯಲ್ಲಿ ಅದನ್ನು ವಾರವಾರ ಓದಿದ್ದಳು. ಆರೂ ಜನ ನೇರ ಅಲ್ಲಿಗೇ ಹೋದರು. ಆಕೆ ಆರು ಜನರ ಮಾತನ್ನೂ ಕೊನೆತನಕ ಕೇಳಿದರು. ಯಾರನ್ನೂ ಜೈಲಿಗೆ ಹಾಕಲಿಲ್ಲ, ಬದಲಿಗೆ ಕುಡಿಯಲು ನೀರು ತರಿಸಿದರು. ಆಮೇಲೆ ಇಬ್ಬರು ಪೊಲೀಸರನ್ನು ಕರೆದುಕೊಂಡು, ಇವರನ್ನೂ ಕೂಡಿಸಿಕೊಂಡು ಲಾಂಡ್ರಿಗೆ ಹೊರಟರು.

ಅಲ್ಲಿ ಚಿಕ್ಕಪ್ಪನೂ ಹಾಜರು. ಯಜಮಾನ ಮೇಜಿನ ಕೆಳಗೆಲ್ಲ ತಡಕಾಡಿ ಕೀ ಹುಡುಕುತ್ತಿದ್ದ. ಕವರು ಅವನ ಕೋಟಿನ ಮೇಲೆ ಹಾಗೇ ತೂಗುತ್ತಿತ್ತು.

"ಕೆಲಸಗಾರರಾ? ನನ್ನ ಹತ್ರ ಯಾರೂ ಇಲ್ಲ. ಎಲ್ಲಾ ಮಿಷನ್ನು" ಎಂದ ಯಜಮಾನ.

"ಇವರು?" ಎಂದು ಅಧಿಕಾರಿಣಿ ಬೆರಳು ತೋರಿದರು.

ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ. "ದೇವರಾಣೆಗೂ ಇವರನ್ನ ಒಳಗೆ ಇಟ್ಕೊಂಡಿಲ್ಲ. ಗಿರಾಕಿಗಳು ಮೇಡಂ! ಇವರಿಗೆ ನಾನೇ ಬಾಗಿಲು ತೆಗೆದೆ."

ಅಕ್ಕನಿಗೆ ರೇಗಿತು, ನಗುವೂ ಬಂತು. ಎರಡು ವರ್ಷ ಇವನಿಗಾಗಿ ಬೆವರು ಸುರಿಸಿದ ಮುಖ ಇದು. ಅವಳು ಪೊಟ್ಟಣ ಬಿಚ್ಚಿ, ನೀಲಿ ಟೋಪಿ ತೆಗೆದು ತಲೆಗಿಟ್ಟುಕೊಂಡಳು.

"ಮೂರು!" ಯಜಮಾನ ಗುಡುಗಿದ. "ಮೇಜು ಬಿಟ್ಟು ಎಲ್ಲಿ ಹಾಳಾಗಿ ಹೋಗಿದ್ದೆ? ನಾಲ್ಕು ಎಲ್ಲಿ?"

ಆಡಿದ ಮೇಲೆ ಬಾಯಿ ಮುಚ್ಚಿಕೊಂಡು ಏನು ಪ್ರಯೋಜನ? ಚಿಕ್ಕಪ್ಪ ಬೀದಿ ಬಾಗಿಲಿನ ಕಡೆ ಕಂಬಿ ಕೀಳಲು ನೋಡಿದ, ಅಲ್ಲಿ ಸೋಪಣ್ಣ ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ನಿಂತಿದ್ದ. ಪೊಲೀಸರಲ್ಲೊಬ್ಬ ಕೋಟಿನಿಂದ ಕವರು ಬಿಚ್ಚಿ, ಮೇಲಿನ ಬರಹ ಓದಿ, ಕೀಯನ್ನು ತನ್ನ ಜೇಬಿಗೆ ಸೇರಿಸಿದ.

ಅಧಿಕಾರಿಣಿ ಪೆನ್ನು ತೆಗೆದರು. "ಮೂರು ಅಂದ್ರೆ ಯಾರು?" ಎಂದು ಯಜಮಾನನನ್ನೇ ಕೇಳಿದರು. ಅವನಿಗೆ ಹೆಸರು ಗೊತ್ತಿದ್ದರೆ ತಾನೆ!

ತಂಗಿ ಮುಂದೆ ಬಂದು, ಅವಳ ತಲೆಯ ಮೇಲಿದ್ದ ಟೋಪಿಯನ್ನು ಮೆಲ್ಲಗೆ ತೆಗೆದು, ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನಮ್ಮಕ್ಕ" ಎಂದಳು.